ಚೌಡಮ್ಮನ ಪೆಟ್ಟಿಗೆ, ಬನಪ್ಪನ ವೈರು

ಹತ್ತಿರ ಬನ್ರಪ್ಪ, ಹತ್ತಿರ ಬನ್ನಿ. ಹಿಂದೆ ಕೂತೋರು ಆಮೇಲೆ "ಏನಂದೆ, ಏನಂದೆ" ಅಂತ ಕೇಳಿದ್ರೆ ನಾನು ಮತ್ತೆ ಹೇಳೋನಲ್ಲ.

ಮೊಳಕಾಲ್ಮೂರು ಸೀಮೇಲಿ ಒಂದು ನೇಕಾರರ ಬೀದಿ. ಆ ಬೀದೀಲಿ ಚೌಡಮ್ಮ ಅಂತ ಒಬ್ಬಳು. ರೇಷ್ಮೆ ಸೀರೆಗೆ ಅಂಚು ಬರೆಯೋದರಲ್ಲಿ ಅವಳನ್ನ ಮೀರಿಸೋರು ಇರಲಿಲ್ಲ. ಗಂಡ ಕಾಗದದ ಮೇಲೆ ಚೌಕ ಚೌಕ ಹಾಕಿ ಬರೀತಿದ್ದ. ಅವನು ಹೋದ ಮೇಲೆ ಇವಳು ಅದನ್ನೆಲ್ಲ ಕಂಪ್ಯೂಟರಿಗೆ ಹಾಕಿದಳು, ತಾನೂ ಬರೆದಳು. ಗಿಣಿ ಬುಟ್ಟಾ, ಮಾವಿನಕಾಯಿ ಸೆರಗು, ಗೋಪುರದಂಚು, ಎಲ್ಲ ಸೇರಿ ಒಂಬೈನೂರು ನಮೂನೆ! ಬೀದಿಯ ನಲವತ್ತು ಮಗ್ಗ ನಡೀತಿದ್ದದ್ದು ಆ ಒಂಬೈನೂರರ ಮೇಲೆ.

ಅಂಥ ಚೌಡಮ್ಮನಿಗೆ ಒಬ್ಬನೇ ಮಗ, ಬನಪ್ಪ. ಇಪ್ಪತ್ತಾರು ವರ್ಷ. ಆನೆ ಥರ ಬಲ, ಹಸು ಥರ ಮನಸ್ಸು. ತಲೆ ಮಾತ್ರ... ಏನು ಹೇಳೋದು! ಹೇಳಿದ್ದನ್ನ ಹೇಳಿದ ಹಾಗೇ ಮಾಡೋನು. ಒಂದಕ್ಷರ ಕಮ್ಮಿ ಇಲ್ಲ, ಒಂದಕ್ಷರ ಜಾಸ್ತಿ ಇಲ್ಲ. "ಹಾಲು ಉಕ್ಕುತ್ತಾ ನೋಡೋ" ಅಂದ್ರೆ, ಉಕ್ಕಿ ಒಲೆಯೆಲ್ಲ ತುಂಬೋ ತನಕ ನೋಡಿ, "ಹೂಂ ಅಮ್ಮ, ಉಕ್ಕುತ್ತೆ" ಅನ್ನೋನು.

"ಯಾವ ಗಳಿಗೇಲಿ ಹೆತ್ತೆನೋ ನಿನ್ನ!" ಅಂತ ಚೌಡಮ್ಮ ಹಣೆ ಚಚ್ಚಿಕೊಳ್ಳೋಳು.

"ಬೆಳಿಗ್ಗೆ ಹತ್ತಕ್ಕೆ ಅಂತ ನೀನೇ ಹೇಳಿದ್ಯಲ್ಲಮ್ಮ" ಅನ್ನೋನು ಬನಪ್ಪ.

ಹೀಗಿರುವಾಗ ಒಂದಿನ ಕಂಪ್ಯೂಟರ್ ಒಳಗಿಂದ ಸದ್ದು ಬಂತು. ಕಟ ಕಟ, ಕಟ ಕಟ. ಬಸ್ ಸ್ಟ್ಯಾಂಡ್ ಹತ್ತಿರ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದ ಜರೀನಾ ಫೋನಿನಲ್ಲೇ ಆ ಸದ್ದು ಕೇಳಿದಳು.

"ಚೌಡಮ್ಮಕ್ಕ, ಒಳಗಿನ ಡಿಸ್ಕ್ ಸಾಯ್ತಾ ಇದೆ. ಎರಡು ದಿನ ಬಾಳಿದ್ರೆ ಹೆಚ್ಚು. ಬ್ಯಾಕಪ್ ಮಾಡಿದೀರಾ?"

ಬ್ಯಾಕಪ್ ಅಂದ್ರೆ ಎಲ್ಲದರ ಇನ್ನೊಂದು ಕಾಪಿ. ಅದಕ್ಕೇ ಅಂತ ಚೌಡಮ್ಮ ಒಂದು ಪೆಟ್ಟಿಗೆ ತಂದು ಹಿಂದಿನ ಕೋಣೇಲಿ ಇಟ್ಟಿದ್ದಳು. ಕಂಪ್ಯೂಟರ್ ಮುಂದಿನ ಕೋಣೇಲಿ. ನಡುವೆ ಅಡಿಗೆಮನೆ ಗೋಡೆ ಮೇಲೆ ಒಂದು ಹಳೇ ವೈ-ಫೈ ಡಬ್ಬಿ. ಕಂಪ್ಯೂಟರಿನಿಂದ ಡಬ್ಬಿಗೆ ಒಂದು ವೈರು, ಡಬ್ಬಿಯಿಂದ ಪೆಟ್ಟಿಗೆಗೆ ಇನ್ನೊಂದು ವೈರು. ಚೌಡಮ್ಮ ಕಾಪಿಗೆ ಹಾಕಿದಳು. ಪರದೆ ಮೇಲೆ ಬಂತು ನೋಡಿ: ಇನ್ನೂ ಹನ್ನೊಂದು ದಿನ!

ಡಿಸ್ಕಿಗೆ ಎರಡು ದಿನ ಆಯುಸ್ಸು. ಕಾಪಿಗೆ ಹನ್ನೊಂದು ದಿನ.

ಅವಳೇ ನಿಂತು ನೋಡೋಣ ಅಂದ್ರೆ ಮಗ್ಗದ ಮೇಲೆ ಮದುವೆ ಸೀರೆ. ನಾಳಿದ್ದು ಧಾರೆ. ಕಾಲು ಮಗ್ಗದ ಗುಂಡಿ ಒಳಗೆ, ಕೈ ಲಾಳಿ ಮೇಲೆ. "ಬನಪ್ಪಾ, ಫೋನ್ ಹಿಡ್ಕೋ. ಜರೀನಕ್ಕ ಹೇಳಿದ ಹಾಗೆ ಮಾಡು" ಅಂದಳು.

ಜರೀನಾ ಹೇಳಿದಳು, "ಬನಪ್ಪ, ಕಂಪ್ಯೂಟರ್ ಹಿಂದೆ ಒಂದು ವೈರಿದೆ ನೋಡಪ್ಪ. ಆ ವೈರು ಹಿಡ್ಕೊಂಡು ಹೋಗು. ಎಲ್ಲಿ ತೊಂದರೆ ಇದೆ ಅಂತ ತಿಳಿಯುತ್ತೆ."

ಬನಪ್ಪ ವೈರು ಕಿತ್ತ. ವೈರು ಹಿಡಿದ. ವೈರು ಹಿಡ್ಕೊಂಡು ಹೋದ! ಬಾಗಿಲು ದಾಟಿದ, ಬೀದಿ ದಾಟಿದ, ಬಸ್ ಸ್ಟ್ಯಾಂಡ್ ದಾಟಿದ. ಮೂವತ್ತು ಅಡಿ ವೈರು ಹಿಂದೆ ಹಾವಿನ ಥರ ಹರೀತಾ ಇದೆ. ಸೀದಾ ಜರೀನಾ ಅಂಗಡಿ ಮುಂದೆ ನಿಂತ.

"ವೈರು ಹಿಡ್ಕೊಂಡು ಬಂದೆ ಅಕ್ಕ. ಇನ್ನೂ ಎಷ್ಟು ದೂರ ಹೋಗ್ಲಿ?"

ಜರೀನಾ ಬಾಯಿ ಮೇಲೆ ಕೈ ಇಟ್ಟಳು. ಆ ವೈರೋ ಹಳೇದು, ಮಡಿಸಿ ಮಡಿಸಿ ಬಿರುಕು ಬಿಟ್ಟಿತ್ತು. ಹೊಸದೊಂದು ಕೊಟ್ಟು ಕಳಿಸಿದಳು.

ಮನೇಲಿ ಚೌಡಮ್ಮ ಗುಂಡಿಯಿಂದಲೇ ಕೂಗಿದಳು. "ಅಯ್ಯೋ ಪೆದ್ದಪ್ಪ! ವೈರು ಹೊತ್ಕೊಂಡು ಊರು ತಿರುಗ್ತಾರೇನೋ? ವೈರು ಇದ್ದಲ್ಲೇ ಇರಬೇಕು. ನೀನು ಪಕ್ಕದಲ್ಲಿ ನಿಂತು, ಮುಟ್ಟದೆ, ಕಣ್ಣು ಬಿಟ್ಟು ನೋಡ್ಬೇಕು!"

"ಆಗ್ಲಮ್ಮ! ಮುಂದಿನ ಸಲ ಹಂಗೇ ಮಾಡ್ತೀನಿ!"

ಚೌಡಮ್ಮ ಮಗ್ಗ ಬಿಟ್ಟೆದ್ದು ಬಂದು ಹೊಸ ವೈರು ಚುಚ್ಚಿದಳು. ಪರದೆ ಮೇಲೆ: ಇನ್ನೂ ಒಂಬತ್ತು ದಿನ. ಎರಡು ದಿನ ಇಳೀತು! ಆದರೂ ಒಂಬತ್ತು. ಒಳಗಿಂದ ಕಟ ಕಟ, ಕಟ ಕಟ. ಅವಳು ಮತ್ತೆ ಗುಂಡಿಗೆ ಇಳಿದಳು. ಬನಪ್ಪ ವೈರಿನ ಪಕ್ಕ ನಿಂತ.

ಪಕ್ಕದ ಮನೆ ಆಡು ಬಂತು. ವೈರು ಮೂಸಿತು. ಬನಪ್ಪ ನೋಡಿದ. ಆಡು ವೈರು ಬಾಯಿಗೆ ಹಾಕಿತು. ಬನಪ್ಪ ಕಣ್ಣು ಬಿಟ್ಟು ನೋಡಿದ. ಆಡು ಕರುಂ ಕರುಂ ಅಂತ ಅಗಿಯಿತು. ಬನಪ್ಪ ಬಗ್ಗಿ ನೋಡಿದ. ಮುಟ್ಟಲಿಲ್ಲ!

ಪರದೆ ಮೇಲೆ ಬಂತು: ಪೆಟ್ಟಿಗೆ ಸಿಗುತ್ತಿಲ್ಲ.

"ಬನಪ್ಪಾ! ಏನಾಯ್ತೋ?"

"ಆಡು ವೈರು ತಿಂತಮ್ಮ. ಎರಡು ಗೇಣು ತಿಂತು. ನಾನು ಚೆನ್ನಾಗಿ ನೋಡ್ದೆ!"

"ಅಯ್ಯೋ ಪೆದ್ದಪ್ಪ! ನೋಡ್ತಾ ನಿಲ್ತಾರೇನೋ? ವೈರಿಗೆ ಯಾರಾದ್ರೂ ಬಾಯಿ ಹಾಕಿದ್ರೆ, ಕೈ ಹಾಕಿದ್ರೆ, ಕೋಲು ತಗೊಂಡು ಬೀದಿ ಕೊನೇ ತನಕ ಓಡಿಸ್ಬೇಕು!"

"ಆಗ್ಲಮ್ಮ! ಮುಂದಿನ ಸಲ ಹಂಗೇ ಮಾಡ್ತೀನಿ!"

ಮಾರನೇ ದಿನ ಬೆಳಿಗ್ಗೆ ಜರೀನಾಗೆ ಮನಸ್ಸು ತಡೀಲಿಲ್ಲ. ಪಾಪ, ಒಂಬೈನೂರು ನಮೂನೆ! ಅಂಗಡಿ ಮುಚ್ಚಿ, ಇನ್ನೊಂದು ವೈರು ಚೀಲಕ್ಕೆ ಹಾಕಿಕೊಂಡು ತಾನೇ ಬಂದಳು. ಚೌಡಮ್ಮ ಬಾವಿ ಹತ್ತಿರ ಇದ್ದಳು. ಬಾಗಿಲು ತೆರೆದಿತ್ತು. ಜರೀನಾ ಒಳಗೆ ಬಂದು, ಬಗ್ಗಿ, ಕಡಿದ ವೈರಿಗೆ ಕೈ ಹಾಕಿದಳು.

ಹಾಕಿದಳಾ? ಹಾಕಿದಳು. ಬನಪ್ಪ ಕೋಲು ತಗೊಂಡನಾ? ತಗೊಂಡ!

"ಹೋಗು! ಹೋಗು! ಹಚಾ!"

"ಬನಪ್ಪಾ, ನಾನಪ್ಪಾ! ಜರೀನಾ!"

"ಗೊತ್ತಕ್ಕ! ಓಡಿ! ಬೀದಿ ಕೊನೇ ತನಕ ಓಡಬೇಕಂತೆ!"

ಜರೀನಾ ಓಡಿದಳು. ಒಂದು ಚಪ್ಪಲಿ ಚರಂಡೀಲಿ ಬಿತ್ತು, ಓಡಿದಳು. ಬೀದಿ ಕೊನೆ ಬಂದ ಕೂಡಲೇ ಬನಪ್ಪ ಗಕ್ಕನೆ ನಿಂತ. ಕೋಲು ಕಂಕುಳಲ್ಲಿಟ್ಟು ಕೈ ಮುಗಿದ. "ಇಷ್ಟೇ ಅಕ್ಕ. ಇನ್ನು ನಿಧಾನವಾಗಿ ಹೋಗಿ."

ವಿಷಯ ಕೇಳಿ ಚೌಡಮ್ಮನ ಮುಖ ಬಾಡಿ ಹೋಯ್ತು. ಫೋನ್ ಮಾಡಿ ಹತ್ತು ಸಲ ತಪ್ಪಾಯ್ತು ಅಂದಳು. ಜರೀನಾ ಏದುಸಿರು ಬಿಡ್ತಾನೇ ಹೇಳಿದಳು, "ಚೌಡಮ್ಮಕ್ಕ, ನಿಮ್ಮನೇಗೆ ನಾನಂತೂ ಕಾಲಿಡಲ್ಲ. ಆದ್ರೆ ಓಡುವಾಗ ಗೋಡೆ ಮೇಲೆ ನೋಡ್ದೆ. ಆ ವೈ-ಫೈ ಡಬ್ಬಿ ನನ್ನ ಮದುವೆ ಕಾಲದ್ದು! ಎಷ್ಟು ಹೊಸ ವೈರು ಹಾಕಿದ್ರೂ ಅದರ ಒಳಗೆ ತೂರಿಕೊಂಡು ಹೋಗೋ ಹೊತ್ತಿಗೆ ಎಲ್ಲ ನಿಧಾನ. ಹೊಸ ಡಬ್ಬಿ ಆಟೋದಲ್ಲಿ ಕಳಿಸ್ತೀನಿ."

ಚೌಡಮ್ಮ ಮಗನ ಕಡೆ ತಿರುಗಿದಳು. "ಅಯ್ಯೋ ಪೆದ್ದಪ್ಪ! ಮನೇಗೆ ಬಂದೋರನ್ನ ಕೋಲು ಹಿಡಿದು ಓಡಿಸ್ತಾರೇನೋ? ಬನ್ನಿ ಬನ್ನಿ ಅಂತ ಕರೆದು, ಚಾಪೆ ಹಾಕಿ ಕೂರಿಸಿ, ತಣ್ಣಗೆ ನೀರು ಕೊಡ್ಬೇಕು!"

"ಆಗ್ಲಮ್ಮ! ಮುಂದಿನ ಸಲ ಹಂಗೇ ಮಾಡ್ತೀನಿ!"

ಹನ್ನೊಂದು ಗಂಟೆಗೆ ಆಟೋ ಬಂತು. ಮನೇಗೆ ಬಂದೋರು ಯಾರು? ಹೊಸ ಡಬ್ಬಿ! ಬನಪ್ಪನ ಮುಖ ಅರಳಿತು.

"ಬನ್ನಿ ಬನ್ನಿ! ದೂರದಿಂದ ಬಂದಿದೀರಿ!"

ರಟ್ಟಿನ ಖೋಕಾ ಬಿಚ್ಚಿದ. ಚಾಪೆ ಹಾಸಿದ. ಡಬ್ಬೀನ ಕೂರಿಸಿದ. ಮಣ್ಣಿನ ಹೂಜಿಯಿಂದ ತಣ್ಣನೆ ನೀರು ಒಂದು ಚೊಂಬು ತಂದ. ಬಾಯೆಲ್ಲಿ? ಹಿಂದೆ ಸಾಲಾಗಿ ನಾಲ್ಕು ಬಾಯಿ! ನಾಲ್ಕಕ್ಕೂ ಕುಡಿಸಿದ. ಒಂದಕ್ಕೂ ಕಮ್ಮಿ ಮಾಡಲಿಲ್ಲ.

ಚೌಡಮ್ಮ ಬಂದು ನೋಡ್ತಾಳೆ, ಡಬ್ಬಿ ಚಾಪೆ ಮೇಲೆ ಕೂತು ಗುಳು ಗುಳು ಅಂತಿದೆ.

ಈ ಸಲ ಅವಳು ಕೂಗಲಿಲ್ಲ ನೋಡಿ. ಗೋಡೆಗೆ ಒರಗಿ ಕೂತುಬಿಟ್ಟಳು. ಮುಂದಿನ ಕೋಣೆಯಿಂದ ಕಟ ಕಟ ಅನ್ನೋ ಸದ್ದು ಈಗ ಕಟ್... ಕಟ್... ಅಂತ ಬಿಟ್ಟು ಬಿಟ್ಟು ಬರ್ತಿತ್ತು. ಸೆರಗಿನಿಂದ ಕಣ್ಣು ಒರೆಸಿಕೊಂಡಳು.

"ನಿಮ್ಮಪ್ಪನ ಕೈಬರಹ ಇರೋದು ಅದೊಂದರಲ್ಲೇ ಕಣೋ. ಕಾಗದಾನೆಲ್ಲ ಗೆದ್ದಲು ತಿಂದು ಹೋಯ್ತು. ಅದೂ ಹೋದ್ರೆ ಅವರದ್ದು ಅಂತ ಏನೂ ಉಳಿಯಲ್ಲ."

ಬನಪ್ಪ ಅಮ್ಮನ ಮುಂದೆ ಕುಕ್ಕರಗಾಲಲ್ಲಿ ಕೂತ. ಅಮ್ಮ ಅತ್ತದ್ದು ಅವನು ನೋಡಿರಲಿಲ್ಲ. ಬೈದದ್ದು ನೋಡಿದ್ದ, ಅತ್ತದ್ದು ನೋಡಿರಲಿಲ್ಲ. "ಹೇಳಮ್ಮ. ಏನು ಮಾಡ್ಲಿ ಹೇಳು. ಹಂಗೇ ಮಾಡ್ತೀನಿ."

"ಏನು ಹೇಳ್ಲಿ ನಿಂಗೆ! ಚಾಪೆ ಯಾಕೋ ಬೇಕಿತ್ತು, ನೀರು ಯಾಕೋ ಬೇಕಿತ್ತು? ಪೆಟ್ಟಿಗೆ ಪಕ್ಕ ಪೆಟ್ಟಿಗೆ ಇಡಬೇಕು, ನಡುವೆ ಒಂದು ವೈರು ಚುಚ್ಚಬೇಕು, ಅಷ್ಟೇ! ಬೇರೆ ಏನೂ ಬೇಡ!"

ಅಂದವಳೇ ಚಪ್ಪಲಿ ಮೆಟ್ಟಿಕೊಂಡು ಜರೀನಾ ಅಂಗಡಿಗೆ ಹೊರಟಳು. ಕಾಲು ಹಿಡಿದಾದರೂ ಅವಳನ್ನ ಕರೆತರಬೇಕು ಅಂತ.

ಬನಪ್ಪ ಒಬ್ಬನೇ ಉಳಿದ. "ಪೆಟ್ಟಿಗೆ ಪಕ್ಕ ಪೆಟ್ಟಿಗೆ. ನಡುವೆ ಒಂದು ವೈರು. ಬೇರೆ ಏನೂ ಬೇಡ." ಹೇಳಿಕೊಂಡ. ಮತ್ತೆ ಹೇಳಿಕೊಂಡ. ಹಿಂದಿನ ಕೋಣೆಗೆ ಹೋದ, ಬ್ಯಾಕಪ್ ಪೆಟ್ಟಿಗೇನ ಕಿತ್ತು ಎದೆಗೆ ಅಪ್ಪಿಕೊಂಡು ಬಂದ. ಮುಂದಿನ ಕೋಣೇಲಿ ಕಂಪ್ಯೂಟರ್ ಪಕ್ಕ ಇಟ್ಟ. ಕರೆಂಟ್ ಕೊಟ್ಟ. ಪೆಟ್ಟಿಗೆ ಪಕ್ಕ ಪೆಟ್ಟಿಗೆ ಆಯ್ತಾ? ಆಯ್ತು. ವೈರು? ಹೊಸ ಡಬ್ಬಿ ಬಂದಿದ್ದ ಖೋಕಾದ ತಳದಲ್ಲಿ ಮೊಳದುದ್ದದ ಹಳದಿ ವೈರೊಂದು ಮಲಗಿತ್ತು. ಒಂದು ತುದಿ ಇದಕ್ಕೆ ಚುಚ್ಚಿದ, ಒಂದು ತುದಿ ಅದಕ್ಕೆ ಚುಚ್ಚಿದ. ಕೈ ಕಟ್ಟಿ ನಿಂತ.

ಪೆಟ್ಟಿಗೆ ಮೇಲೆ ಹಸಿರು ದೀಪ ಪಿಳಕ್ ಅಂತು. ಪಿಳಕ್ ಪಿಳಕ್ ಅಂತು. ಆಮೇಲೆ ಮಿಂಚುಹುಳದ ಹಿಂಡು ನುಗ್ಗಿದ ಹಾಗೆ ಪಟಪಟ ಮಿನುಗೋಕೆ ಶುರುವಾಯ್ತು! ನಿಂತಿದ್ದ ಕಾಪಿ ತಾನಾಗೇ ಮುಂದಕ್ಕೆ ಹೊರಟಿತು.

ಚೌಡಮ್ಮ ಜರೀನಾನ ಕೈ ಹಿಡಿದು ಎಳ್ಕೊಂಡು ಬಂದಳು. ಜರೀನಾ ಹೊಸ್ತಿಲಲ್ಲೇ ನಿಂತು, "ಕೋಲು ಎಲ್ಲಿದೆ ಮೊದಲು ಹೇಳಪ್ಪ" ಅಂದಳು. ಅಷ್ಟರಲ್ಲಿ ಪರದೆ ಕಡೆ ಕಣ್ಣು ಹೋಯ್ತು. ಇನ್ನೂ ಐದು ಗಂಟೆ.

"ಐದು ದಿನಾನಾ?" ಅಂದಳು ಚೌಡಮ್ಮ.

"ದಿನ ಅಲ್ಲ ಅಕ್ಕ, ಗಂಟೆ! ಐದು ಗಂಟೆ!" ಜರೀನಾ ಒಳಗೆ ನುಗ್ಗಿದಳು. ಹಿಂದೆ ನೋಡಿದಳು, ಮುಂದೆ ನೋಡಿದಳು, ಮೊಳದುದ್ದದ ವೈರು ನೋಡಿದಳು. "ಯಾ ಅಲ್ಲಾ! ಉದ್ದ ವೈರು, ಮುದಿ ಡಬ್ಬಿ, ಮೂರು ಗೋಡೆ. ಎಲ್ಲಿ ತಡೀತಿದೆ ಅಂತ ನಾನು ಒಂದೊಂದೇ ಹುಡುಕ್ತಾ ಕೂತಿದ್ದೆ. ಇವನು ನಡುವೆ ಇದ್ದದ್ದನ್ನೆಲ್ಲ ತೆಗೆದೇ ಬಿಟ್ಟ! ಮೊದಲ ದಿನವೇ ನಾನು ಹೇಳಬೇಕಿತ್ತು ಇದನ್ನ. ಬನಪ್ಪ, ಯಾರು ಹೇಳಿಕೊಟ್ರೋ ನಿಂಗೆ?"

"ಅಮ್ಮ" ಅಂದ ಬನಪ್ಪ.

ಮೂರು ಜನ ಅದರ ಮುಂದೆ ಕೂತರು. ಐದು ಗಂಟೆ, ನಾಲ್ಕು ಗಂಟೆ. ಸುದ್ದಿ ಬೀದಿಗೆ ಹಬ್ಬಿತು. ಮಗ್ಗ ಬಿಟ್ಟು ನೇಕಾರರು ಬಂದರು, ಕಿಟಕಿಯಿಂದ ಇಣುಕಿದರು. ಎರಡು ಗಂಟೆ, ಒಂದು ಗಂಟೆ. ಕಟ್... ಕಟ್... "ತಡ್ಕೊಳಪ್ಪ, ಇನ್ನೊಂದಿಷ್ಟು ತಡ್ಕೋ" ಅಂತ ಚೌಡಮ್ಮ ಕಂಪ್ಯೂಟರ್ ಬೆನ್ನು ಸವರಿದಳು. ಹತ್ತು ನಿಮಿಷ. ಐದು ನಿಮಿಷ.

ಮುಗಿಯಿತು! ಒಂಬೈನೂರಕ್ಕೆ ಒಂಬೈನೂರೂ ಪೆಟ್ಟಿಗೆ ಸೇರಿತು!

ಎಲ್ಲರೂ ಚಪ್ಪಾಳೆ ತಟ್ಟೋದಕ್ಕೂ, ಡಿಸ್ಕ್ ಕೊನೇ ಸಲ ಕಟ್ ಅಂದು ಸುಮ್ಮನಾಗೋದಕ್ಕೂ ಸರಿ ಹೋಯ್ತು.

ಜರೀನಾ ತನ್ನ ಲ್ಯಾಪ್‌ಟಾಪಿಗೆ ಪೆಟ್ಟಿಗೆ ಸೇರಿಸಿ ತೆರೆದಳು. ಗಂಡ ಬರೆದ ಗಿಣಿ ಬುಟ್ಟಾ, ಕೊಕ್ಕು ಸಮೇತ, ಮೂಲೇಲಿ ಅವನ ರುಜು ಸಮೇತ ಬಂತು. ಚೌಡಮ್ಮ ಬೆರಳಿನಿಂದ ಆ ರುಜು ಮುಟ್ಟಿದಳು. ಆಮೇಲೆ ಬನಪ್ಪನ ಎರಡೂ ಕೆನ್ನೆ ಹಿಡಿದು, ಬೀದಿ ಜನರ ಮುಂದೇನೇ, "ನನ್ನ ಮಗ ಕಣ್ರೋ! ನನ್ನ ಮಗ ಉಳಿಸಿದ!" ಅಂದಳು. ನೇಕಾರರು ಬನಪ್ಪನ್ನ ಎತ್ತೋಕೆ ಹೋದರು. ಆನೆ ಭಾರ, ಎತ್ತೋಕಾಗಲಿಲ್ಲ. ಹೂಮಾಲೆ ಹಾಕಿ ಬಿಟ್ಟರು. ಮದುವೆ ಸೀರೆಯ ಉಳಿದ ಸೆರಗನ್ನ ಸರದಿ ಮೇಲೆ ಕೂತು ಅವರೇ ನೇಯ್ದು ಮುಗಿಸಿದರು.

ಹೊರಡುವಾಗ ಜರೀನಾ ಒಂದು ಮಾತು ಹೇಳಿದಳು. "ಚೌಡಮ್ಮಕ್ಕ, ಒಂದೇ ಇದ್ರೆ ಸಾಲದು, ಎರಡಿರಬೇಕು. ಪೆಟ್ಟಿಗೇನ ಮನೆ ಹೊರಗೆ ಬೇರೆ ಕಡೆ ಇಡಿ. ಹೊಸ ಡಿಸ್ಕ್ ಹಾಕಿ ಇನ್ನೊಂದು ಕಾಪಿ ಇಲ್ಲಿಗೆ ನಾನು ಮಾಡಿಕೊಡ್ತೀನಿ."

ಹೊಸ ಡಿಸ್ಕ್ ಬಂತು, ಆ ಕಾಪಿಯೂ ಆಯ್ತು. ಚೌಡಮ್ಮನಿಗೆ ಈಗ ಮಗನ ಮೇಲೆ ಎಲ್ಲಿಲ್ಲದ ನಂಬಿಕೆ. ಪೆಟ್ಟಿಗೆ ಅವನ ಕೈಗೆ ಕೊಟ್ಟಳು.

"ಬನಪ್ಪ, ಇದನ್ನ ಹೊರಗೆ ಎಲ್ಲಾದ್ರೂ ಇಟ್ಟು ಬಾ. ಚೆನ್ನಾಗಿ ನೋಡ್ಕೊಳ್ಳೋ ಜಾಗ ಆಗಿರಬೇಕು. ಎರಡಿರಬೇಕು ಅಂದಿದ್ದಾಳೆ ಜರೀನಾ, ನೆನಪಿರಲಿ."

"ಆಗ್ಲಮ್ಮ!"

ಬೆಳಿಗ್ಗೆ ಹೋದೋನು ಮಧ್ಯಾಹ್ನ ಆದ್ರೂ ಬರಲಿಲ್ಲ. ಚೌಡಮ್ಮ ಹುಡುಕಿಕೊಂಡು ಹೊರಟಳು. ಮುತ್ತಣ್ಣನ ಕಟಿಂಗ್ ಶಾಪ್ ಮುಂದೆ ಜನ. ಇಣುಕಿ ನೋಡ್ತಾಳೆ! ಗಿರಗಿರ ತಿರುಗೋ ಕುರ್ಚಿ ಮೇಲೆ ಪೆಟ್ಟಿಗೆ ಕೂತಿದೆ. ಕೊರಳ ಸುತ್ತ ಬಿಳೀ ಬಟ್ಟೆ. ಮುಖ ಕನ್ನಡಿ ಕಡೆಗೆ. ಮುತ್ತಣ್ಣ ಕತ್ತರಿ ಹಿಡಿದು ನಿಂತಿದಾನೆ, ಬೆಂಚಿನ ಮೇಲೆ ಮೂರು ಜನ ಗಡ್ಡ ಕೆರ್ಕೊಂಡು ಕಾಯ್ತಿದಾರೆ.

"ಬನಪ್ಪಾ! ಏನೋ ಇದು?"

ಬನಪ್ಪ ಎದೆ ಉಬ್ಬಿಸಿಕೊಂಡು ಎದ್ದ. "ಚೆನ್ನಾಗಿ ನೋಡ್ಕೊಳ್ಳೋ ಜಾಗ ಅಂದ್ಯಲ್ಲಮ್ಮ! ಬೆಳಿಗ್ಗೆಯಿಂದ ನೋಡ್ಕೊಳ್ತಾನೇ ಇದೆ!" ಅಂದು ಕನ್ನಡಿ ಕಡೆ ಬೆರಳು ಮಾಡಿ ತೋರಿಸಿದ. "ಅಲ್ಲಿ ನೋಡು, ಇನ್ನೊಂದು! ವೈರೂ ಬೇಕಾಗಲಿಲ್ಲ, ಐದು ಗಂಟೆಯೂ ಬೇಕಾಗಲಿಲ್ಲ. ಕೂರಿಸಿದ ತಕ್ಷಣ ಎರಡಾಯ್ತಮ್ಮ!"