ಗುಡ್ಡದಾಚೆ ಹೊಡೆದವನು ಔಟ್

ಚಂದ್ರನ ಮೇಲೆ ಕ್ರಿಕೆಟ್ ಆಡಲು ಹೋದ ಬ್ಯಾಟಿಗೆ ಮೊದಲ ದಿನವೇ ಕೊಂಬು ಮೂಡಿತು. ಸುಮ್ಮನೆ ಮುಟ್ಟಿದರೂ ಚೆಂಡು ಗುಡ್ಡದಾಚೆ ಹೋಗಿ ಬೀಳುತ್ತಿತ್ತು. "ನನ್ನ ಬಲ ನೋಡಿದಿರಾ?" ಎಂದು ಅದು ವಿಕೆಟ್‌ಗಳನ್ನು ಕೇಳಿತು.

ಮೂರನೇ ಸಲ ಗುಡ್ಡ ಹತ್ತಿ ಇಳಿದು ಬಂದ ಚೆಂಡಿಗೆ ರೇಗಿತು. ಅದು ಗಲ್ಲಿಯಲ್ಲಿ ಆಡಿ ಬೆಳೆದದ್ದು. "ಬಲ ನಿನ್ನದಲ್ಲಣ್ಣ, ಇಲ್ಲಿನ ನೆಲಕ್ಕೆ ನನ್ನನ್ನು ಎಳೆದು ಹಿಡಿಯುವ ಶಕ್ತಿ ಕಡಿಮೆ, ಅಷ್ಟೇ. ನಮ್ಮ ಗಲ್ಲಿಯಲ್ಲಿ ಲಲಿತಕ್ಕನ ಕಾಂಪೌಂಡಿಗೆ ಹೊಡೆದವನು ಔಟ್. ಇಲ್ಲಿ ಗುಡ್ಡದಾಚೆ ಹೊಡೆದವನು ಔಟ್" ಎಂದಿತು. ವಿಕೆಟ್‌ಗಳು ಹೌದೆಂದವು.

ಬ್ಯಾಟು ನಕ್ಕು ಬೀಸಿತು, ಔಟಾಯಿತು. ಮರುದಿನ ಬರೀ ತಾಗಿಸಿತು, ಆಗಲೂ ಔಟ್. ಮೂರನೆಯ ದಿನ ಚೆಂಡಿನ ಮುಂದೆ ತಲೆ ತಗ್ಗಿಸಿ, "ಮೆಲ್ಲಗೆ ಹೊಡೆಯಲು ಆಗುತ್ತಿಲ್ಲವಲ್ಲ" ಎಂದಿತು.

"ಬಲ ಬೇಕಾಗಿರುವುದು ಅದಕ್ಕೇ" ಎಂದಿತು ಚೆಂಡು.