ಗುಡಾಣಪ್ಪನ ಎಣ್ಣೆಗಾಯಿ

ಯಾವ ರಾಜ್ಯ, ಯಾವ ಕಾಲ ಅಂತ ನಡುವೆ ಬಾಯಿ ಹಾಕಬೇಡಿ ಮಕ್ಕಳೇ, ಕಥೆ ದಾರಿ ತಪ್ಪುತ್ತೆ. ಒಂದು ರಾಜ್ಯ ಇತ್ತು, ಅಷ್ಟು ಸಾಕು. ಅಲ್ಲೊಬ್ಬ ರಾಜ ಇದ್ದ. ಆ ರಾಜನ ಅಡುಗೆಮನೆಗೆ ಒಬ್ಬ ಯಜಮಾನ ಇದ್ದ. ನಮ್ಮ ಕಥೆ ಆ ಯಜಮಾನನದು.

ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಏನೋ ಇತ್ತು. ದೊಡ್ಡ ಮಡಕೆಯಂಥ ಹೊಟ್ಟೆ ನೋಡಿ ಊರವರು ಗುಡಾಣಪ್ಪ ಅಂದರು, ಅದೇ ನಿಂತಿತು. ರಾಣಿಯ ತವರಿನ ಕಡೆಯವನು ಅನ್ನೋ ಒಂದೇ ಕಾರಣಕ್ಕೆ ಅವನಿಗೆ ಆ ಕೆಲಸ ಸಿಕ್ಕಿತ್ತು. ಒಂದು ದಿನ ಒಲೆ ಊದಿದವನಲ್ಲ. ಒಂದು ಈರುಳ್ಳಿ ಹೆಚ್ಚಿದವನಲ್ಲ. ಒಂದು ಚಿಟಿಕೆ ಉಪ್ಪು ಹಾಕಿದವನಲ್ಲ. ಅಡುಗೆಯವರು ಬೆವರು ಸುರಿಸಿ ಬೇಯಿಸುತ್ತಿದ್ದರು. ಇವನು ರೇಷ್ಮೆ ರುಮಾಲು ಸುತ್ತಿ, ಬೆಳ್ಳಿ ಸೌಟು ಹಿಡಿದು, "ಹೂಂ, ಆಗಲಿ" ಅನ್ನುತ್ತಿದ್ದ. ಆ ರುಮಾಲು ಅಂದರೆ ಅವನಿಗೆ ಪ್ರಾಣ. ಮಲಗುವಾಗಲೂ ತೆಗೆಯುತ್ತಿರಲಿಲ್ಲ ಅಂತ ಅವನ ಹೆಂಡತಿ ಹೇಳುತ್ತಿದ್ದಳು.

ಒಂದು ಮಧ್ಯಾಹ್ನ ರಾಜ ಊಟಕ್ಕೆ ಕೂತಿದ್ದ. ಅರಮನೆ ಊಟ ಗೊತ್ತಲ್ಲ, ತುಪ್ಪ ಜಾಸ್ತಿ, ಖಾರ ಕಮ್ಮಿ. ರಾಜ ಬೇಜಾರಿನಲ್ಲಿ ಅನ್ನ ಕಲಸುತ್ತಾ ಇದ್ದಾಗ ಕಿಟಕಿಯಿಂದ ಒಂದು ಘಮ ಬಂತು ನೋಡಿ! ಹುರಿದ ಮೆಣಸಿನಕಾಯಿ, ಕೊತ್ತಂಬರಿ ಬೀಜ, ಕೊಬ್ಬರಿ, ಅದರ ಜೊತೆಗೆ ಎಣ್ಣೆಯಲ್ಲಿ ಬೇಯೋ ಎಳೆ ಬದನೆಕಾಯಿ. ರಾಜನ ಬಾಯಲ್ಲಿ ನೀರೂರಿತು.

"ಯಾರ ಅಡುಗೆಯೋ ಇದು?"

ಗುಡಾಣಪ್ಪನ ಬಾಯಿಗೆ ಸುಳ್ಳು ತಾನಾಗಿಯೇ ಬಂತು. "ನನ್ನದೇ ಮಹಾಸ್ವಾಮಿ. ತಮಗೆ ಅಂತಲೇ ಮನೇಲಿ ಮಾಡಿಟ್ಟು ಬಂದೀನಿ."

"ಮತ್ತೆ ಮುಖ ಏನು ನೋಡ್ತೀಯ? ತಗೊಂಬಾ!"

ಗುಡಾಣಪ್ಪ ಓಡಿದ. ಮೂಗು ಎಳೆದ ಕಡೆಗೆ ಕಾಲು ಹಾಕಿದ. ಅರಮನೆ ಹಿಂದಿನ ಓಣಿಯಲ್ಲಿ ಕೆಂಪಾಜಮ್ಮ ಅಂತ ಒಬ್ಬಳಿದ್ದಳು. ಅಡುಗೆಗೂ ಸೈ, ಜಗಳಕ್ಕೂ ಸೈ. ಘಮ ಅವಳ ಒಲೆಯದು. "ಅರಮನೆಗೆ ಬೇಕು" ಅಂತ ಹೇಳಿ ಗುಡಾಣಪ್ಪ ಒಂದು ಬಟ್ಟಲು ಎಣ್ಣೆಗಾಯಿ ಈಸಿಕೊಂಡು ಬಂದ.

ರಾಜ ಮೊದಲನೇ ತುತ್ತು ತಿಂದ, ಕಿವಿ ಕೆಂಪಗಾಯಿತು. ಎರಡನೇ ತುತ್ತು ತಿಂದ, ಮೂಗು ಸೋರಿತು. ಮೂರನೇ ತುತ್ತಿಗೆ ಕಣ್ಣಲ್ಲಿ ಧಾರಾಕಾರ ನೀರು. ಆದರೆ ಬಟ್ಟಲು ಬಿಡಲೊಲ್ಲ. ತಳ ಸವರಿ ಬೆರಳು ನೆಕ್ಕಿ, ಹೆಗಲ ಮೇಲಿನ ಶಾಲು ತೆಗೆದು ಗುಡಾಣಪ್ಪನಿಗೆ ಹೊದಿಸಿದ.

"ಭೇಷ್! ಸೋಮವಾರ ಪಕ್ಕದ ರಾಜ್ಯದ ಅರಸರು ಬರ್ತಾರೆ. ಇದನ್ನೇ ನಿನ್ನ ಕೈಯಾರೆ ಮಾಡು. ಇದೇ ರುಚಿ ಬಂದ್ರೆ ಚಿನ್ನದ ಕಡಗ. ಬರಲಿಲ್ಲ ಅಂದ್ರೆ ರುಮಾಲು ತೆಗೆದಿಟ್ಟು ಹಂಡೆ ಉಜ್ಜು."

ಗುಡಾಣಪ್ಪ ಅಲ್ಲಿ ನಿಲ್ಲಲಿಲ್ಲ. ಬಟ್ಟಲು ವಾಪಸು ಕೊಡೋ ನೆಪದಲ್ಲಿ ಕೆಂಪಾಜಮ್ಮನ ಮನೆಗೆ ಹೋದ. ಅವಳ ಕಣ್ಣು ನೆಟ್ಟಗೆ ಶಾಲಿನ ಮೇಲೆ ಬಿತ್ತು.

"ಓಹೋ! ಎಣ್ಣೆಗಾಯಿ ನನ್ನದು, ಶಾಲು ನಿನ್ನದೋ?"

"ಮೆಲ್ಲಗೆ ಮಾತಾಡಮ್ಮ. ಇದನ್ನ ಮಾಡೋದು ಹೆಂಗೆ, ಬಾಯಲ್ಲಿ ಹೇಳಿಬಿಡು."

"ಬಾಯಲ್ಲಿ ಹೇಳಿದ್ರೆ ಬರೋ ವಿದ್ಯೆ ಅಲ್ಲ ಕಣಪ್ಪ. ಹೋಗಿ ರಾಜರಿಗೆ ನಿಜ ಹೇಳು. ಇಲ್ಲಾ, ಬಾ, ನನ್ನ ಪಕ್ಕ ಕೂತ್ಕೋ. ಈರುಳ್ಳಿ ಹೆಚ್ಚು, ಒಲೆ ಊದು, ಕಲಿಸ್ತೀನಿ. ನನ್ನ ಗಂಟೇನು ಹೋಗಲ್ಲ."

"ನಾನು? ಒಲೆ ಊದೋದಾ? ರುಮಾಲಿಗೆ ಬೂದಿ ಹಾರಲ್ವಾ?" ಅಂತ ಗುಡಾಣಪ್ಪ ಬುಸುಗುಟ್ಟಿಕೊಂಡು ಹೊರಟುಹೋದ. ಕೇಳಿ ಕಲಿಯೋಕೆ ಅವನಿಗೆ ನಾಚಿಕೆ. ಕದ್ದು ಕಲಿಯೋಕೆ ನಾಚಿಕೆ ಇಲ್ಲ. ಎಂಥಾ ಮನುಷ್ಯ ನೋಡಿ!

ಮಾರನೇ ದಿನ ಕೆಂಪಾಜಮ್ಮ ಮತ್ತೆ ಎಣ್ಣೆಗಾಯಿಗೆ ಇಟ್ಟಳು. ಅವಳು ಒರಳಿನಲ್ಲಿ ಖಾರ ರುಬ್ಬುತ್ತಾ ಕೂತಿದ್ದಳು, ಒಲೆ ಮುಂದೆ ಅವಳ ಅತ್ತೆ. ಅತ್ತೆಗೆ ಹಲ್ಲಿಲ್ಲ, ಕಿವಿ ಮಂದ. ಅತ್ತೆ ಗೊಣಗೋದು ಗೋಡೆ ದಾಟುತ್ತಿರಲಿಲ್ಲ. ಸೊಸೆ ಕೂಗೋದು ಮೂರು ಓಣಿಗೆ ಕೇಳಿಸುತ್ತಿತ್ತು.

ಗುಡಾಣಪ್ಪ ಕಿಟಕಿ ಕೆಳಗೆ ಕುಕ್ಕರಗಾಲಲ್ಲಿ ಕೂತು ಕಿವಿ ಕೊಟ್ಟ. ಒಳಗೆ ಅತ್ತೆ ಏನೋ ಕೇಳಿದಳು. ಸೊಸೆ ಕೂಗಿದಳು: "ಈಗಲೇ ಬ್ಯಾಡಿ ಅತ್ತೆ! ಬಾಡ್‌ಬೇಕು! ಚೆನ್ನಾಗಿ ಬಾಡ್‌ಬೇಕು!"

ಬಾಡು ಬೇಕು! ಮಾಂಸ! ಗುಡಾಣಪ್ಪ ತೊಡೆ ತಟ್ಟಿಕೊಂಡ. "ಅದಕ್ಕೇ ಆ ರುಚಿ! ಕಣ್ಣಿಗೆ ಕಾಣದಷ್ಟು ಸಣ್ಣಗೆ ಕೊಚ್ಚಿ ಹಾಕ್ತಾಳೆ, ಕಿಲಾಡಿ!" ತೊಡೆ ತಟ್ಟಿದ ಸದ್ದಿಗೆ ಓಣಿಯ ನಾಯಿ ಎದ್ದು ಬಂತು. ಗುಡಾಣಪ್ಪ ಗೋಡೆ ಹತ್ತಿ ಹೆಂಚಿನ ಮೇಲೆ ಕೂತ.

ಅಲ್ಲಿ ಹೊಗೆ ಹೋಗೋ ಗವಾಕ್ಷಿ. ಅದರೊಳಕ್ಕೆ ತಲೆ ತೂರಿಸಿದ. ಕೆಳಗಿಂದ ಮೆಣಸಿನಕಾಯಿ ಘಾಟು ಭಗ್ಗನೆ ಮುಖಕ್ಕೆ ಹೊಡೆಯಿತು. ಆಕ್ಷೀ! ಮನೆ ನಡುಗಿತು. ಕೆಳಗೆ ಒರಳಿನ ಸದ್ದು ಒಂದು ಗಳಿಗೆ ನಿಂತಿತು. ಆಮೇಲೆ ಕೆಂಪಾಜಮ್ಮನ ದನಿ, ಮೊದಲಿಗಿಂತ ಜೋರಾಗಿ: "ತಾಳಿ ಅತ್ತೆ! ಮರಳ್‌ಬೇಕು! ಕೊತಕೊತ ಮರಳ್‌ಬೇಕು!"

ಮರಳು ಬೇಕು? ಗುಡಾಣಪ್ಪನಿಗೂ ಒಂದು ಕ್ಷಣ ಅನುಮಾನ ಬಂತು. ಮರಳು ಅಂದರೆ ಹೊಳೆ ಮರಳೇ? ಆಮೇಲೆ ತಾನೇ ಸಮಾಧಾನ ಮಾಡಿಕೊಂಡ. "ಎಲ್ಲರಿಗೂ ಹೊಳೆಯೋ ಹಾಗಿದ್ರೆ ಅದು ಗುಟ್ಟು ಹೆಂಗಾಗುತ್ತೆ?" ಅಷ್ಟರಲ್ಲಿ ಎರಡನೇ ಸೀನು ಬಂತು. ಹೆಂಚು ಜಾರಿತು. ಗುಡಾಣಪ್ಪ ದೊಪ್ಪನೆ ಹಿತ್ತಲಿನ ಹುಲ್ಲಿನ ಮೆದೆ ಮೇಲೆ ಬಿದ್ದ. ಪುಣ್ಯಕ್ಕೆ ಹಿತ್ತಲ ಬಾಗಿಲು ತೆರೆದೇ ಇತ್ತು, ಒಳಗಿನ ಕೂಗು ನೇರ ಕಿವಿಗೆ ಬಿತ್ತು.

"ಇಳಿಸಬ್ಯಾಡಿ ಅತ್ತೆ! ಇಂಗ್‌ಬೇಕು! ಇನ್ನೂ ಇಂಗ್‌ಬೇಕು!"

"ಇಂಗು ಬೇಕು, ಇನ್ನೂ ಇಂಗು ಬೇಕು" ಅಂತ ಬಾಯಿಪಾಠ ಮಾಡಿಕೊಳ್ಳುತ್ತಾ, ರುಮಾಲಿನ ಹುಲ್ಲು ಕೊಡವುತ್ತಾ ಗುಡಾಣಪ್ಪ ಕುಂಟಿಕೊಂಡು ಮನೆ ಸೇರಿದ.

ಸೋಮವಾರ ಬಂತು. ಗುಟ್ಟು ಯಾರಿಗೂ ಸಿಗಬಾರದಲ್ಲ, ಅಡುಗೆಯವರನ್ನೆಲ್ಲ ಹೊರಗೆ ಅಟ್ಟಿ ಕದ ಹಾಕಿಕೊಂಡ. ಬಾಡು ಕೊಚ್ಚಿ ಹಾಕಿದ. ಹೊಳೆ ಮರಳು ತರಿಸಿ, ರಾಜರ ಊಟ ಅಲ್ಲವೇ ಅಂತ ಚೆನ್ನಾಗಿ ಜರಡಿ ಹಿಡಿದು ಹಾಕಿದ. ಇನ್ನೂ ಬೇಕು ಅಂದಿದ್ದಳಲ್ಲ, ತೆಂಗಿನಕಾಯಿ ಗಾತ್ರದ ಇಂಗು ಇಡಿಯಾಗಿ ಬಿಟ್ಟ. ಒಂದು ಚೂರು ನಾಲಿಗೆಗೆ ಹಚ್ಚಿ ನೋಡಿದ್ದರೆ ತಿಳಿಯುತ್ತಿತ್ತು. ಆದರೆ ಅರಸರಿಗೆ ಬಡಿಸೋ ಮುಂಚೆ ರುಚಿ ನೋಡಿದರೆ ಎಂಜಲಾಗುತ್ತೆ. ಅಡುಗೆಯಲ್ಲಿ ಅವನಿಗೆ ಗೊತ್ತಿದ್ದ ನಿಯಮ ಅದೊಂದೇ, ಅದನ್ನು ತಪ್ಪದೇ ಪಾಲಿಸಿದ.

ಎಲೆ ಹಾಕಿದರು. ಮುಚ್ಚಳ ತೆಗೆದರು. ಇಂಗಿನ ವಾಸನೆಗೆ ಚಾಮರ ಬೀಸೋ ಹುಡುಗಿಯರು ಚಾಮರದಲ್ಲೇ ಮೂಗು ಮುಚ್ಚಿಕೊಂಡರು. ಪಕ್ಕದ ರಾಜ್ಯದ ಅರಸು ಮರ್ಯಾದಸ್ಥ. ಉಸಿರು ಬಿಗಿಹಿಡಿದು ತುತ್ತು ಬಾಯಿಗಿಟ್ಟ. ಕರಕ್! ದವಡೆ ಹಿಡಿದುಕೊಂಡ. ಬಾಯಿಂದ ಮೆಲ್ಲಗೆ ಏನೋ ಹೊರತೆಗೆದು ಬೆಳಕಿಗೆ ಹಿಡಿದು ನೋಡಿದ.

"ಮಹಾರಾಜರೇ, ಇದು ಮಾಂಸದ ಚೂರು. ನಾನು ಸೋಮವಾರ ಮಾಂಸ ಮುಟ್ಟೋದಿಲ್ಲ. ಮರಳಂತೂ ಯಾವ ವಾರವೂ ತಿನ್ನೋದಿಲ್ಲ."

ರಾಜನ ಮುಖ ನಾಚಿಕೆಯಿಂದ ಕಪ್ಪಿಟ್ಟಿತು. "ಗುಡಾಣಪ್ಪಾ! ಏನು ಹಾಕಿದೆಯೋ ಇದಕ್ಕೆ?"

ಗುಡಾಣಪ್ಪ ಎರಡು ಹೆಜ್ಜೆ ಹಿಂದೆ ಸರಿದ. ತಪ್ಪಿಸಿಕೊಳ್ಳೋ ಅವಸರದಲ್ಲಿ ಬಾಯಿಬಿಟ್ಟ. "ನನ್ನ ತಪ್ಪಲ್ಲ ಮಹಾಸ್ವಾಮಿ! ಆ ಕೆಂಪಾಜಮ್ಮ ಹೇಳಿದ್ದನ್ನೇ ಹಾಕೀನಿ! ಬಾಡು ಬೇಕು, ಮರಳು ಬೇಕು, ಇಂಗು ಬೇಕು ಅಂದಳು. ಸುಳ್ಳಿ ಅವಳು!"

ರಾಜ ಮೆಲ್ಲಗೆ ಕೇಳಿದ: "ನಿನ್ನ ಎಣ್ಣೆಗಾಯಿಗೆ ಏನೇನು ಹಾಕಬೇಕು ಅಂತ ಕೆಂಪಾಜಮ್ಮ ಯಾಕೆ ಹೇಳಬೇಕು?"

ಗುಡಾಣಪ್ಪ ಎರಡೂ ಕೈಲಿ ರುಮಾಲು ಗಟ್ಟಿಯಾಗಿ ಹಿಡಿದುಕೊಂಡ.

ಕೆಂಪಾಜಮ್ಮನಿಗೆ ಕರೆ ಹೋಯಿತು. ಸೆರಗಿಗೆ ಕೈ ಒರೆಸಿಕೊಳ್ಳುತ್ತಲೇ ಬಂದಳು. ಸಂಗತಿ ಕೇಳಿ ಸೊಂಟಕ್ಕೆ ಕೈ ಇಟ್ಟಳು.

"ಹೇಳಿದ್ದು ನಿಜ ಮಹಾಸ್ವಾಮಿ. ಈರುಳ್ಳಿ ಬಾಡ್‌ಬೇಕು ಅಂದೆ. ನೀರು ಮರಳ್‌ಬೇಕು ಅಂದೆ. ರಸ ಇಂಗ್‌ಬೇಕು ಅಂದೆ. ಹೇಳಿದ್ದು ನಮ್ಮತ್ತೆಗೆ, ಇವನಿಗಲ್ಲ. ಗವಾಕ್ಷೀಲಿ ಸೀನಿದಾಗ್ಲೇ ಯಾರು ಅಂತ ಗೊತ್ತಾಯ್ತು. ಇಳಿದು ಬಂದು ಕೇಳ್ತಾನೇನೋ ಅಂತ ಹಿತ್ತಲ ಬಾಗಿಲೂ ತೆಗೆದಿಟ್ಟಿದ್ದೆ. ಬರಲಿಲ್ಲ."

ಬಾಗಿಲಾಚೆ ನಿಂತಿದ್ದ ಅಡುಗೆಯವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಪಕ್ಕದ ರಾಜ್ಯದ ಅರಸು ಹಲ್ಲು ನೋವಲ್ಲೇ ನಕ್ಕ. ರಾಜನೂ ನಕ್ಕ, ಆದರೆ ಕೊಟ್ಟ ಮಾತು ಮರೆಯಲಿಲ್ಲ. ತಾನೇ ಎದ್ದು ಗುಡಾಣಪ್ಪನ ರುಮಾಲು ತೆಗೆದ. ಅವನ ಹೆಗಲ ಮೇಲಿದ್ದ ಶಾಲು ತೆಗೆದು ಕೆಂಪಾಜಮ್ಮನ ಕೈಗಿಟ್ಟು, "ಇನ್ನು ಅರಮನೆ ಅಡುಗೆಮನೆಗೆ ನೀನೇ ಯಜಮಾನಿ" ಅಂದ.

"ಅದೊಂದು ಬ್ಯಾಡಿ ಬುದ್ಧೀ," ಅಂದಳು ಕೆಂಪಾಜಮ್ಮ. "ನಮ್ಮತ್ತೆ ಹಸ್ಕೊಂಡಿರ್ತಾರೆ. ನಿಮಗೆ ಬೇಕು ಅನ್ನಿಸಿದ್ರೆ ನಮ್ಮನೆಗೇ ಬನ್ನಿ, ಎಲೆ ಹಾಕ್ತೀನಿ."

ಇಬ್ಬರು ಅರಸರೂ ಅವಳ ಹಿಂದೆಯೇ ನಡೆದರು. ಗುಡಾಣಪ್ಪ ಬೋಳುತಲೆ ಸವರಿಕೊಳ್ಳುತ್ತಾ ಕೊನೆಯಲ್ಲಿ ಹೋದ. ಹೊಸ್ತಿಲ ಹತ್ತಿರ ಬಹಳ ಹೊತ್ತು ನಿಂತ. ಆಮೇಲೆ ಒಳಗೆ ಹೋಗಿ, ಅತ್ತೆ ಪಕ್ಕ ನೆಲದ ಮೇಲೆ ಕೂತು, ಊದುಗೊಳವೆ ಕೈಗೆ ತಗೊಂಡ.

"ಇದನ್ನ ಊದೋದು ಹೆಂಗೆ ಕೆಂಪಾಜಮ್ಮಾ? ನಂಗೆ ಗೊತ್ತಿಲ್ಲ."

"ಹೇಳ್ಕೊಡ್ತೀನಿ ಬಿಡು," ಅಂದಳು ಅವಳು.

ಮಕ್ಕಳೇ, ಗೊತ್ತಿಲ್ಲ ಅಂತ ಬಾಯಿಬಿಟ್ಟು ಕೇಳಿದರೆ ಯಾರ ಮಾನವೂ ಹೋಗೋದಿಲ್ಲ. ಇನ್ನೊಬ್ಬರ ಕೈಗುಣ ಕದ್ದು ನನ್ನದು ಅಂದರೆ ಹೋಗುತ್ತೆ, ಅದೂ ಪಂಕ್ತಿ ನಡುವೆ, ನೆಂಟರ ಎದುರಿಗೇ ಹೋಗುತ್ತೆ. ಇಷ್ಟೇ ಕಥೆ. ಏಳಿ, ಕೈ ತೊಳ್ಕೊಳ್ಳಿ, ಎಲೆ ಹಾಕೋ ಹೊತ್ತಾಯಿತು.