ಕಡತದ ನಾಲ್ಕನೆಯ ಮನೆ

“ಕೇಳ್ರಪ್ಪೋ ಕೇಳ್ರಿ! ಮಗನನ್ನು ಕಳಕೊಂಡ ಮಲ್ಲರಸ ದೊರೆಗಳ ಅಪ್ಪಣೆ! ಮೂರು ಒಗಟು ಬಿಡಿಸಿದವನಿಗೆ ಕಡತದ ಚಾವಡಿಯ ಯಜಮಾನಿಕೆ, ಮೇಲೆ ಬೇಡಿದ್ದೊಂದು ವರ! ತಪ್ಪಿದವನ ತಲೆ ಕೋಟೆ ಬಾಗಿಲಿಗೆ! ಅಮಾವಾಸ್ಯೆಯೊಳಗೆ ಯಾರೂ ಬಿಡಿಸದಿದ್ದರೆ ಔಷಧಶಾಲೆಯ ಅಷ್ಟೂ ಜನ ಶೂಲಕ್ಕೆ!”

ಡಂಗುರ ಸಾರಿ ಹನ್ನೆರಡು ದಿನವಾಗಿತ್ತು. ಕೋಟೆ ಬಾಗಿಲಲ್ಲಿ ಹನ್ನೊಂದು ತಲೆ ತೂಗುತ್ತಿದ್ದವು. ಆದರೂ ಜನ ಬರುತ್ತಲೇ ಇದ್ದರು. ಆಸೆಗೆ ಕೊನೆಯಿಲ್ಲ ನೋಡಿ, ಕೊರಳಿಗೆ ಮಾತ್ರ ಇದೆ.

ಮಾಳಿಂಗನನ್ನು ಹೊರಡಿಸಿದ್ದು ಆಸೆಯಲ್ಲ. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು, ಒಣಗಿಸಿ, ಮಡಿಕೆ ಹಾಕಿ ಕಡತ ಮಾಡುವುದು ಅವನ ಕೆಲಸ. ಅದರ ಮೇಲೆ ಬಳಪದಿಂದ ಬರೆಯುತ್ತಿದ್ದವನು ಅವನ ಅಪ್ಪ ಅಮೋಗಪ್ಪ, ಔಷಧಶಾಲೆಯ ಬರಹಗಾರ. ಅಲ್ಲಿಯ ಮದ್ದು ಕುಡಿದು ಯುವರಾಜ ಸತ್ತ ದಿನ ಅಪ್ಪನ ಕಾಲಿಗೆ ಬೇಡಿ ಬಿದ್ದಿತ್ತು. ಅಮಾವಾಸ್ಯೆಗೆ ಉಳಿದದ್ದು ಒಂದೇ ದಿನ.

“ಗಂಡನ್ನ ಕಳಕೊಳ್ಳೋದು ಸಾಲದು ಅಂತ ನಿನ್ನನ್ನೂ ಕಳಕೊಳ್ಳಲೇನೋ?” ಎಂದು ಅವ್ವ ಅವನ ತೋಳು ಹಿಡಿದಳು.

“ಕೂತರೆ ಅಪ್ಪ ಉಳೀತಾನೇನವ್ವಾ?” ಎಂದು ಕೈ ಬಿಡಿಸಿಕೊಂಡು ಬಂದಿದ್ದ. ಬರುವಾಗ ಅವನಿಗೂ ಅಳು ಬಂದಿತ್ತು.

ಸಭೆಯಲ್ಲಿ ಅವನಿಗಿಂತ ಮುಂದೆ ಇಬ್ಬರು ನಿಂತಿದ್ದರು, ಆಸ್ಥಾನದ ಜೋಯಿಸ ಮತ್ತು ದಳವಾಯಿಯ ಅಳಿಯ. ಪಕ್ಕದಲ್ಲಿ ಕೈದಿಗಳ ಸಾಲು. ಅದರಲ್ಲಿ ಅಪ್ಪನೂ ಇದ್ದ. ಗಡ್ಡ ಬೆಳೆದು ಗುರುತೇ ಸಿಗುವಂತಿರಲಿಲ್ಲ.

ದೊರೆ ತಲೆಯೆತ್ತದೆ ಕೇಳಿದ: “ಕಪ್ಪು ಮೈಯವಳು. ಬಿಳಿಯದನ್ನು ಬರೆಸಿಕೊಳ್ಳುತ್ತಾಳೆ, ಒರೆಸಿಕೊಳ್ಳುತ್ತಾಳೆ. ಬರೆದರೆ ನೋವಿಲ್ಲ, ಒರೆಸಿದಾಗಲೆಲ್ಲ ಆಯಸ್ಸು ಸವೆಯುತ್ತದೆ. ಯಾರು?”

ಜೋಯಿಸ ನಕ್ಕ. “ಇದೇನು ಮಹಾ! ಇರುಳು, ಪ್ರಭು. ಬಿಳಿಯದು ನಕ್ಷತ್ರ.”

ದೊರೆ ಕೈಯಾಡಿಸಿದ. ಜೋಯಿಸನನ್ನು ಎಳೆದೊಯ್ದರು. ಹೊರಗಿನ ಕೂಗು ಒಳಗಿನವರಿಗೆಲ್ಲ ಕೇಳಿಸಿತು.

ದಳವಾಯಿಯ ಅಳಿಯ ಮಾಳಿಂಗನ ಕರಿ ಹಿಡಿದ ಕೈಗಳನ್ನು ನೋಡಿಬಿಟ್ಟ. “ಕಡತ!” ಎಂದ. ದೊರೆ ಹೂಂಗುಟ್ಟಿದ.

“ಮೂವರು ಅಣ್ಣತಮ್ಮಂದಿರು, ಜೊತೆಗೊಬ್ಬ ಕಾವಲುಗಾರ. ಒಬ್ಬ ಅಳಿದರೆ ಉಳಿದಿಬ್ಬರನ್ನು ಕೇಳಿ ಕಾವಲುಗಾರ ಅವನನ್ನು ಬದುಕಿಸುತ್ತಾನೆ. ಇಬ್ಬರು ಅಳಿದರೆ ಕೈ ಚೆಲ್ಲುತ್ತಾನೆ. ಯಾರವನು?”

“ವೈದ್ಯ!” ಎಂದ ಅಳಿಯ. ಆಮೇಲೆ ಅವನು ಮಾವನ ಹೆಸರು ಹೇಳಿ ಬೇಡಿಕೊಂಡದ್ದನ್ನು ಯಾರೂ ಕೇಳಲಿಲ್ಲ.

“ಮುಂದಿನವನು,” ಎಂದ ದೊರೆ.

ಮಾಳಿಂಗ ಮುಂದೆ ಬಂದ. “ಮೊದಲನೆಯದು ಕಡತವೇ, ದೊರೆ. ಬರೆದರೆ ಬಟ್ಟೆಗೇನೂ ಆಗಲ್ಲ, ಒರೆಸಿ ಒರೆಸಿ ಕರಿ ಉದುರಿ ಸಾಯ್ತದೆ. ಎರಡನೆಯದು ಮೊತ್ತ. ಮಡಿಕೆಯಲ್ಲಿ ಗೆರೆ ಎಳೆದು ನಾಲ್ಕು ಮನೆ ಮಾಡ್ತಾರೆ. ಮೂರರಲ್ಲಿ ಮೂರು ಮದ್ದಿನ ಅಳತೆ, ಒಂದರಲ್ಲಿ ಮೂರೂ ಕೂಡಿದ ಮೊತ್ತ. ಒಂದು ಅಳತೆ ಅಳಿಸಿಹೋದರೆ ಮೊತ್ತದಿಂದ ಉಳಿದೆರಡು ಕಳೆದರಾಯ್ತು, ಹೋದದ್ದು ಸಿಗ್ತದೆ. ಎರಡು ಹೋದರೆ ಇಲ್ಲ.”

ಸಭೆ ಪಿಸುಗುಟ್ಟಿತು. ದೊರೆ ಈಗ ತಲೆಯೆತ್ತಿದ.

“ಮೂರನೆಯದು. ಇದರ ಉತ್ತರ ನನಗೂ ತಿಳಿಯದು, ಕೇಳಿದರೆ ತಿಳಿಯುತ್ತದೆ. ವೈದ್ಯ ಸರಿಯಾಗಿ ಹೇಳಿದ. ಬರೆದವನು ಸರಿಯಾಗಿ ಬರೆದ. ಓದಿದವನು ಇದ್ದದ್ದನ್ನೇ ಓದಿದ. ಆದರೂ ನನ್ನ ಮಗ ಸತ್ತ. ಕೊಂದದ್ದು ಯಾವುದು?”

ಮಾಳಿಂಗನಿಗೆ ಉತ್ತರ ಗೊತ್ತಿತ್ತು. ಆ ಕಡತ ಮಡಿಸಿಕೊಟ್ಟವನೂ, ಅಪ್ಪ ಅದರಲ್ಲಿ ಬರೆದದ್ದನ್ನು ಕಂಡವನೂ ಅವನೇ. ಹೇಳಿದರೆ ಅಪ್ಪನ ಕೊರಳು, ಹೇಳದಿದ್ದರೆ ಇಬ್ಬರದೂ.

“ಹೇಳಿಬಿಡು ಮಗಾ,” ಎಂದ ಅಮೋಗಪ್ಪ ಕೈದಿಗಳ ಸಾಲಿನಿಂದ. “ನೀನಾದರೂ ಉಳಿ.”

“ಹೆಸರು, ದೊರೆ,” ಎಂದ ಮಾಳಿಂಗ. “ನಾಲ್ಕು ಮನೆಗೂ ಅಪ್ಪ ಅ, ಆ, ಇ, ಈ ಅಂತಷ್ಟೇ ಹೆಸರಿಟ್ಟಿದ್ದ. ಹಳೆ ಕಡತದಲ್ಲಿ ಅ ಅಂದರೆ ಮೊತ್ತ, ಈ ಅಂದರೆ ವಿಷಬೇರು. ಹಿಡಿಯೋ ಕೈ ತಾಗಿ ಮೊದಲ ಮನೆ ಬೇಗ ಸವೀತದೆ ಅಂತ ಹೊಸದರಲ್ಲಿ ಮೊತ್ತವನ್ನ ಕೊನೆಗೆ ಹಾಕಿದ. ಮನೆ ಬದಲಾಯ್ತು, ಹೆಸರು ಅವೇ ಉಳಿದವು. ಮದ್ದು ಅರೆಯುವವನು ಹಳೆ ರೂಢಿಯಲ್ಲಿ ಈ ಮನೆ ನೋಡಿದ. ವಿಷಬೇರು ಒಂದು ಗುಲಗಂಜಿ ತೂಕ ಹಾಕಬೇಕಿತ್ತು, ಮೊತ್ತ ಹತ್ತಿತ್ತು. ಹತ್ತು ಹಾಕಿದ.”

ದೊರೆ ಕತ್ತಿಗೆ ಕೈ ಹಾಕಿ ಅಮೋಗಪ್ಪನ ಕಡೆ ಹೆಜ್ಜೆಯಿಟ್ಟ.

ಮಾಳಿಂಗ ಅಡ್ಡ ಬಿದ್ದ. “ಇನ್ನೂ ಇದೆ ದೊರೆ! ‘ಕಡತ ಚಿಕ್ಕದಿರಲಿ, ಮನೆಗೊಂದೇ ಅಕ್ಷರ’ ಅನ್ನೋ ಅಪ್ಪಣೆಗೆ ಮುದ್ರೆ ಒತ್ತಿದವರು ತಾವು. ಅಪ್ಪ ತಲೆಬಾಗಿದ. ತಪ್ಪು ಅವನದೂ ಹೌದು, ಅವನದೊಂದೇ ಅಲ್ಲ. ಕೊಡೋ ವರ ಇದ್ದರೆ ಇವರೆಲ್ಲರ ಜೀವ ಕೊಡಿ.”

ದೊರೆ ತನ್ನ ಬೆರಳಿನ ಮುದ್ರೆಯುಂಗುರವನ್ನು ನೋಡಿಕೊಂಡ. ಕತ್ತಿ ಒರೆಗೆ ಹೋಯಿತು. “ಬೇಡಿ ಬಿಚ್ಚಿ, ಎಲ್ಲರದೂ,” ಎಂದ. “ನಾಳೆಯಿಂದ ಚಾವಡಿ ಇವನದು.”

ಅಮೋಗಪ್ಪ ನಿಂತಲ್ಲೇ ಕುಸಿದು ಕೂತ. ಮಾಳಿಂಗ ಓಡಿಹೋಗಿ ಅವನನ್ನು ಅಪ್ಪಿಕೊಂಡ. ಇಬ್ಬರೂ ಬಾಗಿಲ ತನಕ ಹೋದಾಗ ದೊರೆ ಹಿಂದಿನಿಂದ ಕರೆದ.

“ಹುಡುಗಾ, ಆ ನಾಲ್ಕನೆಯ ಮನೆಗೆ ನೀನಾದರೆ ಏನಂತ ಹೆಸರಿಡುತ್ತಿದ್ದೆ?”

“‘ತಾಳೆ ನೋಡುವ ಮೊತ್ತ, ಮದ್ದಲ್ಲ, ಕುಡಿಸಬೇಡಿ’ ಅಂತ, ದೊರೆ.”

ದೊರೆ ಅದನ್ನೇ ಮೆಲ್ಲಗೆ ಹೇಳಿಕೊಂಡ. ಆಮೇಲೆ ಕೇಳಿದ: “ಅಷ್ಟು ಬರೆಯಲು ಜಾಗವಿತ್ತೇ?”

ಸುಳ್ಳು ಹೇಳೋಣವೆಂದು ಮಾಳಿಂಗನಿಗೆ ಒಂದು ಗಳಿಗೆ ಅನಿಸಿತು. ಹೇಳಲಿಲ್ಲ.

“ಇತ್ತು ದೊರೆ. ಆ ಮಡಿಕೆಯಲ್ಲಿ ಅರ್ಧ ಖಾಲಿಯೇ ಇತ್ತು.”